ಸುಣ್ಣದ ಭಟ್ಟಿಗೆ ಹೊದಿಸಿದ ಶಾಲು

ನಮ್ಮ ಅಧ್ಯಕ್ಷರಿಗೆ ಯಾವ ಕಾಗದ ಬಂದರೂ ಮೊದಲು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುವ ಅಭ್ಯಾಸ. ಮೂವತ್ತು ವರ್ಷ ಹೆಡ್‌ಮಾಸ್ತರರಾಗಿ ಉತ್ತರಪತ್ರಿಕೆ ತಿದ್ದಿದವರು. ಕೆಂಪು ಪೆನ್ನು ಕೈಯಲ್ಲಿಲ್ಲದಿದ್ದರೆ ಓದಿದ್ದು ಅವರ ತಲೆಗೆ ಹತ್ತುತ್ತಿರಲಿಲ್ಲ. ಆ ದಿನ ಕೊರಿಯರಿನಲ್ಲಿ ಬಂದ ಎಂಟು ಪುಟದ ಅರ್ಜಿಯನ್ನೂ ಹಾಗೆಯೇ ಪೆನ್ನು ಹಿಡಿದು ಓದಿದರು, ಎರಡು ಕಡೆ ಅಲ್ಪವಿರಾಮ ಹಾಕಿದರು, ಆಮೇಲೆ ನನ್ನ ಕಡೆ ತಳ್ಳಿದರು.

"ಎಲ್ಲಾದಕ್ಕೂ 'ಇಲ್ಲ' ಅಂತ ಬರದು ಕಳಿಸಿಬಿಡ್ರಿ. ನಮ್ಮ ಕಡೆ ಅಂಥಾದ್ದೇನಿಲ್ಲ" ಎಂದರು.

ನಮ್ಮದು ಹಳೆಯದನ್ನು ಉಳಿಸುವ ಒಂದು ಸಣ್ಣ ಸಂಸ್ಥೆ. ಬೆಟಗೇರಿಯಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಎರಡು ಖೋಲಿಗಳೇ ಕಚೇರಿ. ಬಿದ್ದುಹೋದ ಗುಡಿಯ ಗೋಡೆ, ಕುಸಿದ ದರ್ಗಾದ ಕಟ್ಟೆ, ಬಟ್ಟೆ ಒಗೆಯುವ ಕಲ್ಲಾಗಿದ್ದ ಶಾಸನ, ಮಣ್ಣು ತುಂಬಿದ ಬಾವಿ, ಇವೇ ನಮ್ಮ ಆಸ್ತಿ. ನಾನು ಅಲ್ಲಿ ಕಾರ್ಯದರ್ಶಿ. ಬೋರ್ಡಿನ ಮೇಲೆ ಹಾಗೆಂದು ಬರೆದಿತ್ತು. ಪತ್ರ ಬರೆಯುವುದು, ಕೂಲಿಯವರ ಹಾಜರಿ ಹಿಡಿಯುವುದು, ಬೆಳಿಗ್ಗೆ ಕಸ ಗುಡಿಸುವುದು ಬೋರ್ಡಿನ ಮೇಲೆ ಬರೆದಿರಲಿಲ್ಲ, ಆದರೆ ಅವೂ ನನ್ನವೇ. ಗದಗ ಜಿಲ್ಲೆಯಾಗಿ ಆಗ ಹತ್ತು ವರ್ಷದ ಹತ್ತಿರ ಆಗಿರಬೇಕು. ಅಧ್ಯಕ್ಷರ ಬಾಯಲ್ಲಿ ಮಾತ್ರ ಅದು ಇನ್ನೂ ಹೊಸದು. ಒಂದು ಕೆಲಸ ಆದರೆ "ಹೊಸ ಜಿಲ್ಲಾ ನೋಡ್ರಿ, ಅದಕ್ಕ ಆತು" ಎನ್ನುವರು. ಆಗದಿದ್ದರೆ "ಹೊಸ ಜಿಲ್ಲಾ ಅಲ್ಲೇನ್ರಿ, ಆಗ್ತೈತಿ ತಡೀರಿ" ಎನ್ನುವರು.

ಲಕ್ಷ್ಮೇಶ್ವರದ ಅಂಚಿನಲ್ಲಿ ಒಂದು ಹಳೆಯ ಮೆಟ್ಟಿಲ ಬಾವಿಯ ದುರಸ್ತಿ ಆಗ ನಡೆದಿತ್ತು. ಅದಕ್ಕೆ ಹೊರದೇಶದ ಸಂಸ್ಥೆಯೊಂದು ನೆರವು ಕೊಡುತ್ತಿತ್ತು. ಅರ್ಧ ಕೆಲಸ ಮುಗಿದಿತ್ತು, ಉಳಿದರ್ಧಕ್ಕೆ ನೆರವು ಬರಬೇಕಾದರೆ ಈ ಅರ್ಜಿ ತುಂಬಿ ಕಳಿಸಬೇಕಿತ್ತು. ಕಲ್ಲು ಯಾರಿಂದ ತರುತ್ತೀರಿ, ಸುಣ್ಣ ಯಾರಿಂದ, ಇಟ್ಟಂಗಿ ಯಾರಿಂದ. ಅಲ್ಲಿ ದುಡಿಯುವವರು ತಮ್ಮ ಮನಸ್ಸಿನಿಂದ ದುಡಿಯುತ್ತಾರೋ, ಬಲವಂತಕ್ಕೋ. ಬಿಟ್ಟು ಹೋಗಬೇಕೆನ್ನಿಸಿದರೆ ಹೋಗಬಹುದೋ. ಅವರ ಗುರುತಿನ ಕಾಗದಪತ್ರಗಳು ಯಾರ ಕೈಯಲ್ಲಿವೆ. ಕೊನೆಯ ಪ್ರಶ್ನೆ ಇನ್ನೂ ಅಧಿಕಪ್ರಸಂಗದ್ದು: ಇದನ್ನೆಲ್ಲ ನೀವು ಖುದ್ದು ಹೋಗಿ ನೋಡಿದ್ದೀರೋ, ಇಲ್ಲವೋ.

"ಜೀತ ನಮ್ಮಜ್ಜನ ಕಾಲಕ್ಕ ಹೋತು" ಎಂದರು ಅಧ್ಯಕ್ಷರು.

"ಹೋಗಿದ್ದು ನೀವು ನೋಡೀರೇನ್ರಿ ಸರ್?" ಎಂದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಸುಳ್ಳಲ್ಲ. ಜಿಲ್ಲಾ ಕಚೇರಿಯ ಗುಮಾಸ್ತರು ನಾನು ಮೆಟ್ಟಿಲು ಹತ್ತುವುದನ್ನು ಕಂಡು ಊಟಕ್ಕೆ ಎದ್ದು ಹೋದದ್ದುಂಟು. ಹಾಗಾಗಿ ಖುದ್ದು ಹೋಗಿ ಕೇಳಿ ಬರುತ್ತೇನೆಂದು ನಾನು ಹಟ ಹಿಡಿದಾಗ ಅಧ್ಯಕ್ಷರಿಗೆ ಚಿಂತೆಯಾದದ್ದು ಕೂಲಿಯವರ ಬಗ್ಗೆ ಅಲ್ಲ, ಮಾಲೀಕರ ಬಗ್ಗೆ. "ಸ್ವಲ್ಪ ಸಮಾಧಾನಲೆ ಕೇಳ್ರಿ" ಎಂದು ಎರಡು ಸಲ ಹೇಳಿ ಕಳಿಸಿದರು.

ಅವರು ಅಷ್ಟು ಹೆದರಬೇಕಾಗಿರಲಿಲ್ಲ. ನಮ್ಮ ಕಡೆಯ ಒಂದು ರೂಢಿಯನ್ನು ಅವರೂ ಮರೆತಿದ್ದರು, ನಾನೂ ಮರೆತಿದ್ದೆ. ಬಾಗಿಲಿಗೆ ಬಂದವರಿಗೆ ಏನಾದರೂ ತಿನ್ನಿಸದೆ ಯಾಕೆ ಬಂದಿರಿ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ತಿಂದ ಮೇಲೆ, ತಿನ್ನಿಸಿದವರ ಮುಖ ನೋಡಿ ಒರಟು ಮಾತಾಡುವುದಂತೂ ಮರ್ಯಾದೆಯೇ ಅಲ್ಲ.

ಶಿರಹಟ್ಟಿ ಕಡೆಯ ಕಲ್ಲಿನ ಖಣಿಯಲ್ಲಿ ನನಗೆ ಗಿರ್ಮಿಟ್, ಮಿರ್ಚಿ ಆದವು. ಪ್ರಶ್ನೆಯ ಹಾಳೆ ಚೀಲದಿಂದ ತೆಗೆದರೆ ಎಣ್ಣೆ ಕೈ ಹತ್ತುತ್ತದೆಂದು ತೆಗೆಯಲಿಲ್ಲ. ಮುಳಗುಂದದ ಹಾದಿಯ ಇಟ್ಟಂಗಿಯವರ ಮನೆಯಲ್ಲಿ ಅವ್ವ ಹೋಳಿಗೆ ಮಾಡಿದ್ದರು. ಎರಡು ಸಾಕೆಂದರೆ ಮೂರನೆಯದನ್ನು ಬಡಿಸಿ ಮೇಲೆ ತುಪ್ಪ ಸುರಿದರು. ಆ ಅವ್ವನ ಮಗನನ್ನು "ನೀವು ಮಂದಿಯನ್ನು ಬಲವಂತದಿಂದ ಇಟ್ಟುಕೊಂಡಿದ್ದೀರಾ" ಎಂದು ಕೇಳುವಷ್ಟು ಜಾಗ ನನ್ನ ಹೊಟ್ಟೆಯಲ್ಲಿ ಉಳಿದಿರಲಿಲ್ಲ. ಮೂರನೆಯದು ಮುಂಡರಗಿ ದಾರಿಯ ಸುಣ್ಣದ ಭಟ್ಟಿ. ಅದರ ಸಾವಕಾರ ಐವತ್ತರ ಆಸುಪಾಸಿನ, ಬಾಯಿತುಂಬ ಮಾತಾಡುವ ಮನುಷ್ಯ. ಭಟ್ಟಿಯ ಪಕ್ಕದ ಖೋಲಿಯಲ್ಲಿ ನನ್ನನ್ನು ಕೂರಿಸಿ, ಮನೆಯಿಂದ ಡಬ್ಬಿ ತರಿಸಿ, ಎದುರಿಗಿದ್ದ ಹಸಿರು ತಗಡಿನ ಪೆಟ್ಟಿಗೆಯ ಮೇಲೆ ಪೇಪರ್ ಹಾಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದ.

"ಅಕ್ಕಾರ, ನಾಚಿಕೋಬ್ಯಾಡ್ರಿ. ನಿಮ್ಮ ಮನೀನ ಅಂತ ತಿಳೀರಿ" ಎಂದ.

ತಿಳಿದೆ. ಹೊಟ್ಟೆ ತುಂಬ ಉಂಡೆ. ಕಿಟಕಿಯಾಚೆ ಹೆಂಗಸರು ಸುಟ್ಟ ಕಲ್ಲಿನ ರಾಶಿಯ ಮುಂದೆ ಕೂತು ಬೆಂದದ್ದು, ಬೇಯದ್ದು ಬೇರೆ ಮಾಡುತ್ತಿದ್ದರು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದರು. ಅವರನ್ನು ಮಾತಾಡಿಸುತ್ತೇನೆ ಎನ್ನುವಷ್ಟರಲ್ಲಿ ಎಲೆ ಅಡಿಕೆ ಬಂತು, ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಬಸ್ಸು ಬಂತು.

ಮೂರು ದಿನ ಸುತ್ತಿ ನಾನು ತುಂಬಿದ ಹೊಟ್ಟೆ, ಖಾಲಿ ಅರ್ಜಿ ಹಿಡಿದು ಬಾವಿಯ ಹತ್ತಿರ ಬಂದೆ. ಅಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಮೇಸ್ತ್ರಿ ಲಕ್ಷ್ಮೇಶ್ವರದವರೇ. ಎಪ್ಪತ್ತು ದಾಟಿದ ಮುಸಲ್ಮಾನ ಹಿರಿಯರು, ನಾವೆಲ್ಲ ಚಾಚಾ ಎಂದೇ ಕರೆಯುತ್ತಿದ್ದೆವು. ಸುಣ್ಣವನ್ನು ನಾಲಿಗೆಯ ತುದಿಗೆ ಹಚ್ಚಿ ನೋಡಿ ಇದು ಯಾವ ಭಟ್ಟಿಯದು ಎಂದು ಹೇಳುವವರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಉಂಡು ಬಂದಿ, ನೋಡಿ ಬರ್ಲಿಲ್ಲ" ಎಂದರು.

"ಮತ್ತೇನ ಮಾಡ್ಲಿ ಚಾಚಾ? ಒಲ್ಲೆ ಅಂದ್ರ ಬಿಡಂಗಿಲ್ಲ."

ಅವರು ಕರಣೆಯಿಂದ ಕಲ್ಲಿನ ಸಂದು ಒತ್ತಿದರು. "ರಂಜಾನದಾಗ ನನಗ ಯಾರೂ ಚಾ ಕುಡಿ ಅನ್ನಂಗಿಲ್ಲ, ತಂಗಿ. ಹೋದಲ್ಲೆ ನೆಟ್ಟಗ ಕೆಲಸದ ಮಾತು. ಆ ತಿಂಗಳಾಗ ನನಗ ತಿಳಿದಷ್ಟು ಖಬರ ವರ್ಷೆಲ್ಲಾ ತಿಳ್ಯಂಗಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಸುಣ್ಣದ ಭಟ್ಟಿಗೆ ಇನ್ನೊಮ್ಮೆ ಹೋಗು" ಎಂದರು.

ಮುಂದಿನ ಸೋಮವಾರ ನಾನು ಉಪವಾಸದವಳಾಗಿ ಹೋದೆ. ಉಪವಾಸವೇನೂ ಇರಲಿಲ್ಲ. ಬೆಳಿಗ್ಗೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದೇ ಬಸ್ಸು ಹತ್ತಿದ್ದೆ. ಸಾವಕಾರ ಡಬ್ಬಿ ತರಿಸಲು ಹೊರಟಾಗ ಕೈ ಮುಗಿದು, ಉಪವಾಸ ಎಂದೆ. ಅವನ ಕೈಕಾಲೇ ಆಡಲಿಲ್ಲ.

"ಬಾಳಿಹಣ್ಣರ?"

"ಇಲ್ರಿ."

"ಹಾಲು? ಚಾ ನಡೀತೈತಲ್ರಿ ಉಪಾಸಕ್ಕ."

"ನನಗ ನಡ್ಯಂಗಿಲ್ರಿ. ನೀರೂ ಇಲ್ಲ."

"ನೀರೂ ಇಲ್ದಂಗ ಯಾ ದೇವರ್ರಿ ಅದು?"

"ನಮ್ಮ ಮನಿದೇವ್ರು ಭಾಳ ಕಡಕ್ ಅದಾನ್ರಿ" ಎಂದೆ. ನಮ್ಮ ಮನೆದೇವರು ಪಾಪ, ಯಾರ ತಂಟೆಗೂ ಹೋಗದವನು.

ತಿನ್ನಿಸಲು ಬಾರದ ಅತಿಥಿಯನ್ನು ಏನು ಮಾಡಬೇಕೆಂದು ಆ ಮನುಷ್ಯನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಮಳೆಯ ಮಾತು, ಸ್ವಲ್ಪ ಹೊತ್ತು ಇದ್ದಿಲಿನ ಮಾತು ಆಡಿದ. ಕೊನೆಗೆ ಲಾರಿ ಬಂದಿತೆಂದು ನೆಪ ಹೇಳಿ ಎದ್ದು ಹೋದ. ನಾನು ಪ್ರಶ್ನೆಯ ಹಾಳೆ ಹಿಡಿದು ನೇರ ಹೆಂಗಸರ ಕಡೆ ನಡೆದೆ. ಮಾರ್ಚಿನ ಬಿಸಿಲು. ಮನೆದೇವರನ್ನು ಅಷ್ಟು ಕಡಕ್ ಮಾಡಬಾರದಿತ್ತು ಎನ್ನಿಸಲು ಅರ್ಧ ತಾಸೂ ಬೇಕಾಗಲಿಲ್ಲ. ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದರು. ಒಬ್ಬಳು ಮಾತ್ರ ಬೇವಿನ ಗಿಡದ ಕೆಳಗೆ ಸುಮ್ಮನೆ ಕೂತಿದ್ದಳು. ನಲವತ್ತರ ಮೇಲಿನ ಹೆಂಗಸು, ಕೈಬೆರಳು ಸುಣ್ಣ ತಿಂದು ಒಡೆದಿದ್ದವು. "ಬರ್ರಿ ಯಕ್ಕಾ, ಕುಂಡ್ರಿ. ನಿಮ್ಮದೂ ಉಪಾಸಂತಲ್ಲ" ಎಂದು ಸರಿದು ನೆರಳು ಕೊಟ್ಟಳು. ಅವಳದು ನಿಜವಾದ ಉಪವಾಸ. ಮಗಳು ಚೊಚ್ಚಲ ಬಸುರಿ, ಹೆರಿಗೆ ಸುಸೂತ್ರ ಆಗಲೆಂದು ಐದು ಸೋಮವಾರ ಹಿಡಿದಿದ್ದಳು. ನನಗೆ ನಾಚಿಕೆಯಾಗಿ ಇಡ್ಲಿಯ ವಿಷಯ ಹೇಳಿಬಿಡೋಣ ಎನ್ನಿಸಿತು, ಹೇಳಲಿಲ್ಲ.

"ಮತ್ತ ಮಗಳನ್ನ ಕರಕೊಂಡು ಬಂದೀರೇನು?" ಎಂದು ಕೇಳಿದೆ. ಮೊದಲ ಬಾಣಂತನ ತವರಲ್ಲೇ ಆಗಬೇಕು, ಯಾರಾದರೂ ಕೇಳುವ ಮಾತದು.

ಅವಳು ಭಟ್ಟಿಯ ಕಡೆ ಕೈ ಮಾಡಿದಳು. "ಎಲ್ಲಿಗೆ ಕರಕೊಂಡು ಬರ್ಲಿ? ಈ ಹೊಗ್ಯಾಗ ಹಸುಗೂಸು ಬಾಳ್ತೈತೇನ್ರಿ? ನಮ್ಮ ಮನಿ ಐತಿ ಶಿರಹಟ್ಟಿ ಕಡೆ ಹಳ್ಳ್ಯಾಗ. ಬಾಗಲಾ ಹಾಕಿ ಎರಡು ವರ್ಷಾತು. ಮಗಳಿಗೆ ತವರಿಗೆ ಬಾ ಅನ್ಬೇಕಂದ್ರ ಮೊದಲು ತವರ ಬಾಗಲಾ ತಗೀಬೇಕಲ್ರಿ."

"ಹೋಗಿ ತಗೀರಿ."

"ಕಾರ್ಡು ಸಾವಕಾರನ ಕಡೆ ಐತ್ರಿ."

ರೇಷನ್ ಕಾರ್ಡು, ಮತದಾರರ ಚೀಟಿ, ಇವಳದು, ಗಂಡನದು, ಅಲ್ಲಿದ್ದ ಹದಿನಾಲ್ಕು ಮನೆಯವರದು. ಕೆಲಸಕ್ಕೆ ಬಂದ ದಿನ ಮುಂಗಡ ಕೊಟ್ಟು, ಕಾಗದಗಳನ್ನು ಜೋಪಾನ ಮಾಡುತ್ತೇನೆಂದು ಇಸಿದುಕೊಂಡಿದ್ದ. ಮುಂಗಡ ದುಡಿದು ತೀರಿಸಿ ಎಷ್ಟೋ ದಿನವಾಗಿತ್ತು, ಜೋಪಾನ ಮಾತ್ರ ಮುಂದುವರಿದಿತ್ತು. ಒಂದು ದಿನದ ಮಟ್ಟಿಗೆ ಊರಿಗೆ ಹೋಗಿ ಬರಬಹುದು. ಎರಡನೆಯ ದಿನ ಬಾರದಿದ್ದರೆ ಕಾರ್ಡು ಸಿಗುವುದಿಲ್ಲ. ಕಾರ್ಡಿಲ್ಲದೆ ಊರಲ್ಲಿ ಅಕ್ಕಿಯಿಲ್ಲ, ಎಣ್ಣೆಯಿಲ್ಲ, ಬಾಣಂತಿಯನ್ನು ಏನು ಉಣಿಸಿ ಸಾಕುವುದು? ಹೋದ ವರ್ಷ ಒಬ್ಬ ಸಿಟ್ಟಿನಲ್ಲಿ ಬಿಟ್ಟು ಹೋಗಿದ್ದನಂತೆ, ಮೂರು ತಿಂಗಳಿಗೆ ತಾನೇ ತಿರುಗಿ ಬಂದನಂತೆ.

"ಹೊಡಿಯಂಗಿಲ್ರಿ, ಬಡಿಯಂಗಿಲ್ಲ. ಸಾವಕಾರ ಮಾತಿಗೆ ಛಲೋ ಮನಷ್ಯಾ" ಎಂದಳು. "ಪೆಟ್ಟಿಗಿ ಅಷ್ಟ ತಗ್ಯಂಗಿಲ್ಲ."

"ಯಾ ಪೆಟ್ಟಿಗಿ?"

"ಅದ ಹಸರು ತಗಡಿಂದ. ಖೋಲ್ಯಾಗ ಐತಲ್ರಿ."

ಹೋದ ವಾರ ನಾನು ಎಣ್ಣೆಗಾಯಿ ಸುರಿದು ಉಂಡದ್ದು ಅದೇ ಪೆಟ್ಟಿಗೆಯ ಮೇಲೆ. ಅರ್ಜಿಯ ಪ್ರಶ್ನೆಗೆ ಉತ್ತರ ನನ್ನ ತಟ್ಟೆಯ ಕೆಳಗೇ ಇತ್ತು. ಮೈಯೆಲ್ಲ ಉರಿದುಹೋಯಿತು. ಹೆರಿಗೆ ಯಾವಾಗ ಎಂದು ಕೇಳಿದೆ. ಇನ್ನು ಇಪ್ಪತ್ತು ಇಪ್ಪತ್ತೈದು ದಿನ ಎಂದಳು. ಅಷ್ಟರೊಳಗೆ ಮನೆ ಬಾಗಿಲು ತೆಗೆದು, ಸಾರಿಸಿ, ಮಗಳನ್ನು ಕರೆತರಬೇಕು. "ನಾ ಮಾಡ್ತೀನಿ" ಎಂದು ಅವಳ ಒಡೆದ ಕೈ ಹಿಡಿದು ಹೇಳಿದೆ. ಆ ಮಾತು ಹೇಳುವಾಗ ನನಗೆ ನನ್ನ ಮೇಲೆ ತುಂಬ ಅಭಿಮಾನವಾಯಿತು.

ಆಗ ನಾನು ಮಾಡಬಹುದಾಗಿದ್ದ ಕೆಲಸ ಒಂದೇ. ಖೋಲಿಗೆ ಹೋಗಿ, ಪೆಟ್ಟಿಗೆ ತೆಗೆಯಪ್ಪಾ ಎನ್ನುವುದು. ಹೋದೆ ಕೂಡ. ಸಾವಕಾರ ಲಾರಿಯವನನ್ನು ಕಳಿಸಿ ಬಂದು ಕೂತಿದ್ದ. ನನ್ನನ್ನು ಕಂಡದ್ದೇ ಎದ್ದು ನಿಂತು, "ಬಿಸಲಾಗ ಭಾಳ ದಣದೀರಿ ಅಕ್ಕಾರ. ನಿಮ್ಮ ದೇವ್ರಿಗೆ ನಾ ಕೈ ಮುಗಿದು ಕೇಳ್ಕೊಂತೀನಿ, ಒಂದು ಗುಟಕ ನೀರರ ಕುಡೀರಿ" ಎಂದು ತಂಬಿಗೆ ನೀಡಿದ. ಗಟಗಟ ಕುಡಿದೆ. ಕುಡಿದ ಮೇಲೆ ಬಾಯಿ ಬರಲಿಲ್ಲ. ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ.

ಕಚೇರಿಯಲ್ಲಿ ಅಧ್ಯಕ್ಷರ ಮುಂದೆ ಎಲ್ಲ ಕಾರಿಕೊಂಡೆ. ತಹಶೀಲ್ದಾರರಿಗೆ ದೂರು ಬರೆಯೋಣ ಎಂದೆ. ಅವರ ಮುಖ ಸಣ್ಣದಾಯಿತು. ನಿಜವಾಗಿಯೂ ನೊಂದುಕೊಂಡರು, ಆ ಮಾತು ಹೇಳಲೇಬೇಕು. "ನಮ್ಮ ಬಾವಿಗೆ ಹಾಕಿದ್ದು ಆ ಸುಣ್ಣ ಏನ್ರಿ" ಎಂದು ಎರಡು ಸಲ ಕೇಳಿದರು. ಆದರೆ ದೂರು ಎಂದರೆ ಅವರಿಗೆ ಭಯ. ವಿಚಾರಣೆ, ಪಂಚನಾಮೆ, ಪೇಪರಿನವರು. ಭಟ್ಟಿ ನಿಲ್ಲುತ್ತದೆ, ಗಾರೆ ನಿಲ್ಲುತ್ತದೆ, ಮಳೆಗಾಲಕ್ಕೆ ಬಾವಿಯ ಗೋಡೆ ಮತ್ತೆ ಕುಸಿಯುತ್ತದೆ. "ಬ್ಯಾರೆ ಏನರ ಹಾದಿ ಐತೇನು ನೋಡ್ರಿ" ಎಂದರು.

ನನ್ನ ಕಣ್ಣು ಗೋಡೆಯ ಬದಿಯ ಕಪಾಟಿನ ಮೇಲೆ ಬಿತ್ತು. ಅದರ ತುಂಬ ಶಾಲು. ನಮ್ಮ ಅಧ್ಯಕ್ಷರಿಗೆ ಸನ್ಮಾನದ ಹುಚ್ಚು. ಇಂಜಿನಿಯರು ಬಂದರೆ ಶಾಲು, ವರ್ಗವಾಗಿ ಹೋದರೆ ಶಾಲು, ಒಮ್ಮೆ ಕಚೇರಿಯ ಫ್ಯಾನು ರಿಪೇರಿ ಮಾಡಿದವನಿಗೂ ಹೊದಿಸಿ ಫೋಟೋ ತೆಗೆಸಿದ್ದರು. ಶಾಲು ಬೇಡ ಎನ್ನುವ ಗಂಡಸು ಈ ಐದು ತಾಲೂಕುಗಳಲ್ಲಿ ಹುಟ್ಟಿಲ್ಲ ಎಂದು ಅವರ ಅನುಭವ. ಆಗ ನನಗೆ ಆ ಉಪಾಯ ಹೊಳೆಯಿತು. ಸಾವಕಾರನಿಗೆ ಬಾವಿಯ ಕಟ್ಟೆಯ ಮೇಲೆ ಸಾರ್ವಜನಿಕ ಸನ್ಮಾನ ಮಾಡುವುದು. ಕೂಲಿಯವರ ಕಾಗದಪತ್ರಗಳನ್ನು ಸ್ವಂತ ಕೈಯಿಂದ ಅವರಿಗೇ ಒಪ್ಪಿಸುತ್ತಿರುವ ಜಿಲ್ಲೆಯ ಮೊದಲ ಭಟ್ಟಿ ಮಾಲೀಕ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಿಬಿಡುವುದು. ಅಚ್ಚಾದ ಮೇಲೆ ಎಲ್ಲಿಗೆ ಹೋಗುತ್ತಾನೆ?

ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರು. "ಅಡ್ಡಿಯಿಲ್ಲರಿ ನಿಮ್ಮ ತಲಿ" ಎಂದರು. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಅವರು ಯಾರಿಗೂ ಅಷ್ಟು ಅಂಕ ಕೊಟ್ಟವರಲ್ಲ. ನಾನು ಉಬ್ಬಿದೆ. ಚಾಚಾ ಮಾತ್ರ ಕೇಳಿ ನಗಲಿಲ್ಲ. "ಶಾಲು ಯಾಕ? ಅವನ ಕಾರ್ಡು ಅಲ್ಲಲ್ಲ" ಎಂದಷ್ಟೇ ಹೇಳಿ ಸುಣ್ಣ ಕಲೆಸತೊಡಗಿದರು. ಮುದುಕರಿಗೆ ನನ್ನ ಚತುರತೆ ತಿಳಿಯಲಿಲ್ಲ ಎಂದುಕೊಂಡೆ.

ಅಧ್ಯಕ್ಷರು ಫೋನು ಮಾಡಿ ತಿಳಿಸಿದಾಗ ಸಾವಕಾರ, "ಪೇಟಾನೂ ಇರ್ತೈತೇನ್ರಿ?" ಎಂದು ಕೇಳಿದನಂತೆ. ಇರುತ್ತದೆ ಎಂದರು. ಒಪ್ಪಿದ.

ಮುಂದಿನ ಸೋಮವಾರಕ್ಕೆ ನಿಶ್ಚಯವಾಯಿತು. ನಾನು ಭಟ್ಟಿಗೆ ಹೋಗಿ ಬೇವಿನ ಗಿಡದ ಕೆಳಗೆ ಅವಳಿಗೆ ಹೇಳಿ ಬಂದೆ. ಅವಳು ಬೆರಳು ಮಡಚಿ ದಿನ ಎಣಿಸಿ, "ಸಾಕ್ರಿ, ಭಾಳ ಆತು" ಎಂದಳು. ಆದರೆ ಸನ್ಮಾನವೆಂದರೆ ಮುಖ್ಯ ಅತಿಥಿ ಬೇಕು. ಅಧ್ಯಕ್ಷರು ಹಿಡಿದಿದ್ದ ಮುಖ್ಯ ಅತಿಥಿಗೆ ಆ ಸೋಮವಾರ ಬೀಗರ ಮನೆಯ ಮದುವೆ. ಮುಂದಕ್ಕೆ ಹಾಕಿದೆವು. ಅದರ ಮುಂದಿನ ಸೋಮವಾರ ಅಮಾವಾಸ್ಯೆ. "ಅಮಾಸಿ ದಿನ ಯಾರಿಗರ ಶಾಲು ಹೊದಸ್ತಾರೇನ್ರಿ" ಎಂದು ಅಧ್ಯಕ್ಷರು ನನ್ನನ್ನೇ ಗದರಿದರು. ಮುಖ್ಯ ಅತಿಥಿ ಇಲ್ಲದೆಯೇ ಮಾಡೋಣ ಎಂದೆ. ಶಾಲು ಯಾರ ಕೈಯಿಂದ ಹೊದಿಸುವುದು ಎಂದರು. ನಿಮ್ಮ ಕೈಯಿಂದ ಎಂದರೆ, ಅಧ್ಯಕ್ಷತೆ ಯಾರು ವಹಿಸುವುದು ಎಂದರು.

ಈ ನಡುವೆ ಆಮಂತ್ರಣ ಪತ್ರಿಕೆಯಲ್ಲಿ ಸಾವಕಾರನ ತಂದೆಯ ಹೆಸರು ಹೇಗೆ ಬರಬೇಕೆಂದು ಕೇಳಲು ನಾನು ಎರಡು ಸಲ ಅವನ ಖೋಲಿಗೆ ಹೋದೆ. ಚಹಾ ಕುಡಿದೆ. ಪೇಟದ ಬಣ್ಣದ ಮಾತಾಡಿದೆವು. ಪೆಟ್ಟಿಗೆ ಅಲ್ಲೇ ಇತ್ತು, ಬೀಗದ ಕೈ ಅವನ ಉಡಿದಾರದಲ್ಲಿತ್ತು. ಒಂದು ಮಾತು ಕೇಳಿದರೆ ಎಲ್ಲಿ ಕೆಡುತ್ತದೋ, ಸನ್ಮಾನದ ದಿನ ಹೇಗೂ ಕೊಡುತ್ತಾನಲ್ಲ ಎಂದು ಜಾಣಳಂತೆ ಸುಮ್ಮನಿದ್ದೆ. ಹೊರಗೆ ಬಂದರೆ ಅವಳು ಕೆಲಸ ಬಿಟ್ಟು ಎದ್ದು ನಿಂತಿರುತ್ತಿದ್ದಳು.

"ಎಂದ್ರಿ ಯಕ್ಕಾ?"

"ಬರೂ ಸೋಮವಾರ."

ಎರಡನೆಯ ಸಲ ಅವಳು ಬೆರಳು ಎಣಿಸಲಿಲ್ಲ. "ಆತ್ರಿ" ಎಂದು ಕೂತಳು.

ಅಂತೂ ಸೋಮವಾರ ಬಂತು. ಬಾವಿಯ ಕಟ್ಟೆಯ ಮೇಲೆ ಶಾಮಿಯಾನ, ಮೈಕು, ಐದು ಕುರ್ಚಿ. ಭಟ್ಟಿಯ ಮಂದಿಯನ್ನು ಸಾವಕಾರನೇ ಟ್ರ್ಯಾಕ್ಟರಿನಲ್ಲಿ ಕರೆತಂದ. ಹೊಸ ಧೋತರ ಉಟ್ಟು, ಪೆಟ್ಟಿಗೆಯನ್ನು ಮದುಮಗಳ ಸಾಮಾನಿನಂತೆ ಮುಂದೆ ಇಡಿಸಿಕೊಂಡು ಬಂದಿದ್ದ. ಮುಖ್ಯ ಅತಿಥಿ ತಾಸು ತಡವಾಗಿ ಬಂದು ತಾಸು ಮಾತಾಡಿದರು. ಶಾಲು ಹೊದಿಸಿದ್ದಾಯಿತು, ಪೇಟ ಸುತ್ತಿದ್ದಾಯಿತು. ಸಾವಕಾರನ ಕಣ್ಣಲ್ಲಿ ನೀರು ಬಂತು. ನನಗೆ ಒಳಗೊಳಗೇ ನಗು ಮತ್ತು ಸಿಟ್ಟು, ಎರಡೂ ಒಟ್ಟಿಗೆ. ತಪ್ಪು ಮಾಡಿದವನಿಗೆ ಪೇಟ, ತಪ್ಪು ಮಾಡದವರು ಬಿಸಿಲಲ್ಲಿ ಸಾಲು. ಆದರೂ ಪೆಟ್ಟಿಗೆ ತೆರೆಯಿತಲ್ಲ, ನನ್ನ ತಲೆಯಿಂದ ತೆರೆಯಿತಲ್ಲ ಎನ್ನುವ ಹೆಮ್ಮೆಯೇ ದೊಡ್ಡದಾಗಿತ್ತು.

ಒಬ್ಬೊಬ್ಬರನ್ನೇ ಕರೆದು ಕಾರ್ಡು ಕೊಡಲಾಯಿತು. ಪ್ರತಿಯೊಬ್ಬರಿಗೂ ಚಪ್ಪಾಳೆ. ಅವಳ ಸರದಿ ಬಂದಾಗ ಕಾರ್ಡು ತೆಗೆದುಕೊಂಡು, ಒಳಗಿನ ಹಾಳೆ ತೆರೆದು, ತನ್ನ ಗಂಡನ ಫೋಟೋ ನೋಡಿ ಖಾತ್ರಿ ಮಾಡಿಕೊಂಡಳು. ಮೈಕಿನ ಹತ್ತಿರವೇ ನಿಂತಿದ್ದಳು.

"ನನ್ನ ಕಾರ್ಡು ನನಗ ಕೊಟ್ಟಿದ್ದಕ್ಕ ಚಪ್ಪಾಳಿ ಯಾಕ್ರಿ?" ಎಂದಳು. ಅವಳು ಕೇಳಿದ್ದು ಪಕ್ಕದವಳನ್ನು, ಕೇಳಿಸಿದ್ದು ಇಡೀ ಶಾಮಿಯಾನಕ್ಕೆ.

ಅಧ್ಯಕ್ಷರು ಮೈಕು ಎಳೆದುಕೊಂಡು ಹಳ್ಳಿಯ ಜನರ ಮುಗ್ಧತೆಯ ಬಗ್ಗೆ ನಾಲ್ಕು ಮಾತು ಸೇರಿಸಿದರು, ಮತ್ತೆ ಚಪ್ಪಾಳೆಯಾಯಿತು. ಹಿಂದೆ ನಿಂತಿದ್ದ ಚಾಚಾ ಮಾತ್ರ ನಕ್ಕರು. ಊಟಕ್ಕೆ ಕೂರಿಸುವಾಗ ಅವಳನ್ನು ಹುಡುಕಿದೆ. ಗಂಡನನ್ನು ಅಲ್ಲೇ ಬಿಟ್ಟು, ಗಂಟು ಎತ್ತಿಕೊಂಡು ಶಿರಹಟ್ಟಿ ಬಸ್ಸಿಗೆ ಹೋದಳು ಎಂದು ಯಾರೋ ಹೇಳಿದರು. ತವರ ಬಾಗಿಲು ತೆಗೆಯಲು ಓಡಿದಳು ಎಂದು ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ.

ಅರ್ಜಿ ತುಂಬಿ, ಜೊತೆಗೆ ಫೋಟೋ ಇಟ್ಟು ಕಳಿಸಿದೆವು. ಹೊರದೇಶದವರಿಗೆ ತುಂಬ ಸಂತೋಷವಾಗಿ, ಇದು ಇತರರಿಗೆ ಮಾದರಿ ಎಂದು ಪತ್ರ ಬರೆದರು. ಅಧ್ಯಕ್ಷರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಇಂಗ್ಲಿಷ್ ತಪ್ಪಿದ್ದ ಒಂದು ಕಡೆ ಕೆಂಪು ಗೆರೆ ಎಳೆದೇ ಕಟ್ಟು ಹಾಕಿಸಿದರು. ಸಾವಕಾರ ಮಾತ್ರ ವಾರದೊಳಗೆ ಫೋನು ಮಾಡಿ, ಅರ್ಧ ಮಂದಿ ಊರಿಗೆ ಹೋದರು, ಉಳಿದವರು ಪಗಾರ ಹೆಚ್ಚು ಕೇಳುತ್ತಿದ್ದಾರೆ, ನಿಮ್ಮ ಶಾಲು ನನಗೆ ಭಾರಿ ದುಬಾರಿಯಾಯಿತು ಎಂದು ಗೋಳಾಡಿದ. ಅಧ್ಯಕ್ಷರು, "ಇರ್ಲಿ ಬಿಡ್ರಿ, ಹೊಸ ಜಿಲ್ಲಾ ಅಲ್ಲೇನ್ರಿ" ಎಂದು ಸಮಾಧಾನ ಮಾಡಿದರು.

ತಿಂಗಳ ಮೇಲೆ ನಾನು ಶಿರಹಟ್ಟಿ ಕಡೆ ಖಣಿಗೆ ಹೋಗಿದ್ದವಳು ವಿಚಾರಿಸಿಕೊಂಡು ಅವಳ ಹಳ್ಳಿಗೂ ಹೋದೆ. ಕೂಸಿಗೆಂದು ಬೆಟಗೇರಿಯಿಂದ ಅಂಗಿ, ಕುಲಾವಿ ಒಯ್ದಿದ್ದೆ. ಎರಡು ಅಂಕಣದ ಮನೆ. ಅಂಗಳ ಸಾರಿಸಿತ್ತು. ಒಳಗೆ ಹೊರಸಿನ ಮೇಲೆ ಮಗಳು ಮಲಗಿದ್ದಳು, ಪಕ್ಕದಲ್ಲಿ ಕೂಸು. ನನ್ನ ಕಣ್ಣು ತಣ್ಣಗಾದವು. ಅವಳು ಚಾಪೆ ಹಾಸಿ ಕೂರಿಸಿದಳು. ಕೈಬೆರಳ ಬಿರುಕು ಮುಚ್ಚುತ್ತಿದ್ದವು.

"ಅಂತೂ ತವರಾಗ ಆತಲ್ಲ" ಎಂದೆ.

ಅವಳು ಕೂಸಿನ ಮೇಲಿನ ನೊಣ ಓಡಿಸಿದಳು. "ಇಲ್ರಿ. ಅತ್ತಿ ಮನ್ಯಾಗ ಆತು. ಮೊನ್ನೆ ಕರಕೊಂಡು ಬಂದೀನಿ."

ನನಗೆ ತಿಳಿಯಲಿಲ್ಲ. ಕಾರ್ಡು ಕೊಟ್ಟ ದಿನವೇ ಹೊರಟಿದ್ದಳಲ್ಲ ಎಂದೆ.

"ಅವತ್ತಿಗೆ ಕೂಸಿಗೆ ಐದು ದಿನ ಆಗಿತ್ರಿ. ಹಿಂದಿನ ಬುಧವಾರನ ಹಡದಿದ್ಲು. ನೋವು ತಿಂಬೂ ಮುಂದ ಅವ್ವಾ ಅವ್ವಾ ಅಂತಿದ್ಲಂತ. ತವರಿದ್ರ ಬರ್ತಿದ್ರಲ್ಲ ಅಂದ್ಲಂತ ಅವರತ್ತಿ." ಅದನ್ನೂ ಅವಳು ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದಳು.

ಹಾಗಾದರೆ ಶಾಮಿಯಾನದ ಕೆಳಗೆ ಸಾಲಿನಲ್ಲಿ ನಿಂತಿದ್ದಾಗ ಅವಳಿಗೆ ಎಲ್ಲ ಗೊತ್ತಿತ್ತು. "ನನಗ ಯಾಕ ಹೇಳ್ಲಿಲ್ಲ?" ಎಂದು ಕೇಳಿದೆ.

"ನೀವು ಅವತ್ತ ಭಾಳ ಖುಷಿಯಾಗಿದ್ರಿ. ಮಂದ್ಯಾಗ ಯಾಕ ಹೇಳೂದಂತ ಬಿಟ್ಟೆ."

ಮಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಳು. ಅವಳು ಎದ್ದು ಹೊದಿಕೆ ಸರಿಮಾಡಿ ಬಂದು ಮತ್ತೆ ನನ್ನ ಎದುರಿಗೆ ಕೂತಳು.

"ಯಕ್ಕಾ, ನೀವು ಅವನ ಖೋಲಿಗೆ ಅಷ್ಟು ಸಲ ಹೋಗಿ ಬಂದ್ರಲ್ಲ. ಒಮ್ಮೆರ ಕೇಳಿದ್ರೇನ್ರಿ, ಈಕಿ ಕಾರ್ಡು ಕೊಡೋ ಅಂತ?"

"ಇಲ್ಲ" ಎಂದೆ.

"ಕೊಡ್ತಿದ್ನೋ ಇಲ್ಲೋ. ಕೇಳಿದ್ರ ಗೊತ್ತಾಗ್ತಿತ್ತು."

ಒಳಗೆ ಕೂಸು ಎದ್ದು ಅಳತೊಡಗಿತು. ಅವಳು ಎತ್ತಿಕೊಳ್ಳಲು ಹೋದಳು. ನಾನು ಅಂಗಿ, ಕುಲಾವಿಯ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಅದನ್ನು ಕೊಡಲು ಇನ್ನೂ ಬಹಳ ಹೊತ್ತು ಹಿಡಿಯಿತು.